ದೇಶವೊಂದರ ವಿದ್ಯುತ್ ವಲಯವನ್ನು ಸ್ಪರ್ಧಾತ್ಮಕ ಮಾರುಕಟ್ಟೆಗೆ ಸಜ್ಜುಗೊಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಮಾರುಕಟ್ಟೆ ಎಂದೊಡನೆ ಕಣ್ಣ ಮುಂದೆ ಬರುವುದು ಹರಾಜಿನ ಪರದೆ ಮತ್ತು ಗಳಿಗೆಗೊಮ್ಮೆ ಬದಲಾಗುವ ಬೆಲೆ. ಆ ಹರಾಜು ನಡೆಸುವ ತಂತ್ರಾಂಶವನ್ನು ಖರೀದಿಸಿ ಅಳವಡಿಸುವುದು ಇಡೀ ಸುಧಾರಣೆಯಲ್ಲಿ ಬಹುಶಃ ಅತ್ಯಂತ ಸುಲಭದ ಭಾಗ. ವರ್ಷಗಟ್ಟಲೆ ಹಿಡಿಯುವುದು ಅದರ ಹಿಂದಿರುವ ಮೀಟರು, ಲೆಕ್ಕಪತ್ರ, ಕಾನೂನು ಮತ್ತು ಬಾಕಿ ವಸೂಲಿಯ ಕೆಲಸ. ಕೆಳಗಿನ ಉತ್ತರಗಳು ಹೆಚ್ಚಾಗಿ ಆ ಕೆಲಸವನ್ನೇ ಕುರಿತಿವೆ.

ಸ್ಪರ್ಧಾತ್ಮಕ ಮಾರುಕಟ್ಟೆ ಎಂದರೆ ವಿದ್ಯುತ್ ವ್ಯವಸ್ಥೆಯ ಎಲ್ಲ ಭಾಗಗಳಲ್ಲೂ ಸ್ಪರ್ಧೆ ಎಂದರ್ಥವೇ?

ಅಲ್ಲ. ವಿದ್ಯುತ್ ವ್ಯವಸ್ಥೆಯಲ್ಲಿ ನಾಲ್ಕು ಬಗೆಯ ಕೆಲಸಗಳಿವೆ: ಉತ್ಪಾದನೆ, ಅಧಿಕ ವೋಲ್ಟೇಜಿನ ಮಾರ್ಗಗಳ ಮೂಲಕ ಪ್ರಸರಣ, ಊರುಕೇರಿಗಳಲ್ಲಿ ವಿತರಣೆ, ಮತ್ತು ಗ್ರಾಹಕರಿಗೆ ಮಾರಿ ಬಿಲ್ ವಸೂಲು ಮಾಡುವ ಚಿಲ್ಲರೆ ಪೂರೈಕೆ. ಮೊದಲನೆಯದರಲ್ಲಿಯೂ ಕೊನೆಯದರಲ್ಲಿಯೂ ಹಲವರು ಪೈಪೋಟಿ ನಡೆಸಬಹುದು. ನಡುವಿನ ಎರಡೂ ತಂತಿಯ ಕೆಲಸಗಳು. ಒಂದೇ ಬೀದಿಯಲ್ಲಿ ಮೂರು ಕಂಪನಿಗಳು ಮೂರು ಸಾಲು ಕಂಬ ನೆಟ್ಟರೆ ಖರ್ಚು ಮೂರು ಪಟ್ಟಾಗುವುದೇ ಹೊರತು ಬೇರೇನೂ ಆಗುವುದಿಲ್ಲ. ಆದ್ದರಿಂದ ತಂತಿಗಳು ಏಕಸ್ವಾಮ್ಯದಲ್ಲಿಯೇ ಉಳಿಯುತ್ತವೆ, ಅವುಗಳ ಬಳಕೆಯ ಶುಲ್ಕವನ್ನು ನಿಯಂತ್ರಣ ಆಯೋಗ ಗೊತ್ತುಪಡಿಸುತ್ತದೆ, ಮತ್ತು ಆ ಶುಲ್ಕ ಕಟ್ಟಿದವರು ಯಾರೇ ಆಗಲಿ ಅವರಿಗೆ ತಾರತಮ್ಯವಿಲ್ಲದೆ ತಂತಿಯನ್ನು ಬಳಸುವ ಹಕ್ಕಿರುತ್ತದೆ. ಈ ಹಕ್ಕಿಗೆ ಮುಕ್ತ ಪ್ರವೇಶ ಎನ್ನುತ್ತಾರೆ. ಕಾಗದದ ಮೇಲೆ ಮಾತ್ರ ಇರುವ ಮುಕ್ತ ಪ್ರವೇಶ, ಅಂದರೆ ಅರ್ಜಿ ಹಾಕಿದವರಿಗೆಲ್ಲ ಏನಾದರೊಂದು ತಾಂತ್ರಿಕ ಕಾರಣ ಹೇಳಿ ವಾಪಸು ಕಳಿಸುವ ವ್ಯವಸ್ಥೆ, ಮಾರುಕಟ್ಟೆಯನ್ನು ಹುಟ್ಟುವ ಮೊದಲೇ ಮುಗಿಸಿಬಿಡುತ್ತದೆ.

ಸಿದ್ಧತೆ ಎಲ್ಲಿಂದ ಶುರುವಾಗಬೇಕು?

ಮೀಟರಿನಿಂದ. ಇದು ಬೇಸರ ತರಿಸುವ ಉತ್ತರ ಎಂಬುದು ನಿಜ. ಸುಧಾರಣೆಯ ವರದಿಗಳು ಸಾಮಾನ್ಯವಾಗಿ ಕಾನೂನಿನಿಂದ ಆರಂಭವಾಗುತ್ತವೆ, ಮೀಟರು ಅನುಬಂಧದಲ್ಲಿ ಬರುತ್ತದೆ. ಆದರೆ ಉತ್ಪಾದಕರಿಂದ ಪ್ರಸರಣ ಜಾಲಕ್ಕೂ, ಪ್ರಸರಣ ಜಾಲದಿಂದ ವಿತರಣಾ ಕಂಪನಿಗೂ ವಿದ್ಯುತ್ ಕೈಬದಲಾಗುವ ಪ್ರತಿಯೊಂದು ಗಡಿಯಲ್ಲಿ ಯಾರ ಕಡೆಯಿಂದ ಯಾರ ಕಡೆಗೆ ಎಷ್ಟು ಹರಿಯಿತು ಎಂಬುದು ತಕರಾರಿಲ್ಲದೆ ಗೊತ್ತಾಗದಿದ್ದರೆ, ಮಾರಾಟ ಮಾಡುವುದು ಏನನ್ನು?

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೆಳಿಗ್ಗೆ 10ರಿಂದ 10.15ರವರೆಗಿನ ಒಂದು ಅವಧಿಗೆ ವಿತರಣಾ ಕಂಪನಿಯೊಂದು 500 ಮೆಗಾವ್ಯಾಟ್ ಖರೀದಿಸಿದೆ ಎಂದುಕೊಳ್ಳಿ. ನಿಜವಾಗಿ ಎಳೆದದ್ದು 520. ಅದೇ ಹೊತ್ತಿನಲ್ಲಿ 300 ಮೆಗಾವ್ಯಾಟ್ ಕೊಡುತ್ತೇನೆಂದಿದ್ದ ಸ್ಥಾವರ 290 ಮಾತ್ರ ಕೊಟ್ಟಿತು. ಕೊರತೆ ಬಿದ್ದ 30 ಮೆಗಾವ್ಯಾಟನ್ನು ವ್ಯವಸ್ಥಾ ನಿರ್ವಾಹಕರು (ಇಡೀ ಜಾಲವನ್ನು ಕ್ಷಣಕ್ಷಣವೂ ನಡೆಸುವವರು) ಜಲಾಶಯದ ಸ್ಥಾವರವೊಂದಕ್ಕೆ ಫೋನ್ ಮಾಡಿ ತುಂಬಿಸಿಕೊಂಡರು. ಕಾಲು ಗಂಟೆಗೆ ಅದು 7.5 ಮೆಗಾವ್ಯಾಟ್ ಗಂಟೆ; ಅದರಲ್ಲಿ 5ಕ್ಕೆ ವಿತರಣಾ ಕಂಪನಿ, 2.5ಕ್ಕೆ ತಪ್ಪಿದ ಸ್ಥಾವರ ಹಣ ಕೊಡಬೇಕು, ಜಲಾಶಯದವರಿಗೆ ಅದು ಸೇರಬೇಕು. ಈಗ ಗಡಿ ಉಪಕೇಂದ್ರದ ಮೀಟರಿನ ಗಡಿಯಾರ 7 ನಿಮಿಷ ಹಿಂದಿದೆ ಎನ್ನಿ. ಅವಧಿಯ ಹೆಚ್ಚುಕಡಿಮೆ ಅರ್ಧದಷ್ಟು ವಿದ್ಯುತ್ ಪಕ್ಕದ ಅವಧಿಯ ಖಾತೆಗೆ ಬೀಳುತ್ತದೆ, ಬೇಡಿಕೆ ಏರುತ್ತಿರುವ ಹೊತ್ತಿನಲ್ಲಿ ತಪ್ಪು ಮಾಡದವರು ದಂಡ ಕಟ್ಟುತ್ತಾರೆ, ತಿಂಗಳ ಕೊನೆಯಲ್ಲಿ ಬಿಲ್ಲು ಬಂದಾಗ ಎಲ್ಲರೂ ಪಾವತಿ ನಿಲ್ಲಿಸಿ ಪತ್ರ ಬರೆಯತೊಡಗುತ್ತಾರೆ. ದಿನಕ್ಕೆ 96 ಅವಧಿಗಳು, ನೂರಾರು ಗಡಿ ಮೀಟರುಗಳು. ತಕರಾರಿನ ಗಾತ್ರವನ್ನು ಊಹಿಸಿಕೊಳ್ಳಬಹುದು.

ಭಾರತದಲ್ಲಿ ಈ ಕ್ರಮ ಸರಿಯಾಗಿ ಕೂಡಿಬಂದಿತ್ತು. 2002 ಮತ್ತು 2003ರಲ್ಲಿ ಪ್ರಾದೇಶಿಕ ಗ್ರಿಡ್‌ಗಳಲ್ಲಿ ಒಂದೊಂದಾಗಿ 15 ನಿಮಿಷದ ಮೀಟರಿಂಗ್ ಮತ್ತು ಗ್ರಿಡ್ಡಿನ ಫ್ರೀಕ್ವೆನ್ಸಿಗೆ (ಬೇಡಿಕೆ, ಪೂರೈಕೆಗಳ ಸಮತೋಲ ತಪ್ಪಿದಾಗ ಏರಿಳಿಯುವ ಅಳತೆಗೆ) ತಳಕು ಹಾಕಿದ ವ್ಯತ್ಯಯ ಶುಲ್ಕ ಜಾರಿಗೆ ಬಂತು. ಷೆಡ್ಯೂಲ್, ಅಂದರೆ ಮೊದಲೇ ಗೊತ್ತುಮಾಡಿದ ಪ್ರಮಾಣ, ಮೀರಿದರೆ ದುಡ್ಡು ತೆರಬೇಕು ಎಂಬುದು ಎಲ್ಲರಿಗೂ ಅಭ್ಯಾಸವಾದ ಮೇಲೆಯೇ, 2008ರಲ್ಲಿ, ವಿದ್ಯುತ್ ವಿನಿಮಯ ಕೇಂದ್ರಗಳು ತೆರೆದವು. ಲೆಕ್ಕ ಮೊದಲು, ಅಂಗಡಿ ಆಮೇಲೆ.

ಇಡೀ ದೇಶಕ್ಕೆ ವಿದ್ಯುತ್ ಕೊಡುತ್ತಿರುವ ಒಂದೇ ಸಂಸ್ಥೆಯನ್ನು ಒಡೆಯುವುದು ಅನಿವಾರ್ಯವೇ?

ತಂತಿಯ ಒಡೆಯನೇ ವಿದ್ಯುತ್ ಸ್ಥಾವರದ ಒಡೆಯನೂ ಆಗಿದ್ದರೆ, ಹೊರಗಿನ ಉತ್ಪಾದಕನಿಗೆ ತಂತಿಯಲ್ಲಿ ಜಾಗ ಕೊಡುವ ಉತ್ಸಾಹ ಅವನಿಗೆ ಇರಲಾರದು. ಅದಕ್ಕಾಗಿ ವಿಭಜನೆ ಬೇಕು. ವಿಭಜನೆಯಲ್ಲಿ ಮಟ್ಟಗಳಿವೆ. ಒಂದೇ ಸಂಸ್ಥೆಯೊಳಗೆ ಪ್ರತ್ಯೇಕ ಲೆಕ್ಕಪತ್ರ ಇಡುವುದು ಮೊದಲನೆಯ ಮೆಟ್ಟಿಲು, ಬೇರೆ ಬೇರೆ ಕಂಪನಿಗಳಾಗಿ ನೋಂದಾಯಿಸುವುದು ಎರಡನೆಯದು, ಮಾಲೀಕತ್ವವನ್ನೇ ಬೇರ್ಪಡಿಸುವುದು ಕೊನೆಯದು. ಯೂರೋಪಿನ ಒಕ್ಕೂಟ 1996ರ ನಿರ್ದೇಶನದಲ್ಲಿ ಮೊದಲ ಮೆಟ್ಟಿಲಿಗೆ ತೃಪ್ತಿಪಟ್ಟು, ಅದು ಸಾಲದೆಂದು ಕಂಡುಕೊಂಡು, 2003ರಲ್ಲಿ ಮತ್ತೆ, 2009ರಲ್ಲಿ ಮತ್ತೂ ಬಿಗಿ ಮಾಡಬೇಕಾಯಿತು.

ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ಫಲಕ ಬದಲಾಯಿಸಿ, ಹಳೆಯ ಸಂಸ್ಥೆಯ ಸಾಲವನ್ನೂ ಬಾಕಿಯನ್ನೂ ಯಾವ ಕಂಪನಿಗೆ ಎಷ್ಟು ಎಂದು ಹಂಚದೆ, ಅದೇ ಸಚಿವಾಲಯದ ಅದೇ ಅಧಿಕಾರಿಗಳನ್ನು ಮೂರು ಆಡಳಿತ ಮಂಡಳಿಗಳಲ್ಲಿಯೂ ಕೂರಿಸಿದರೆ ಅದು ವಿಭಜನೆಯ ವೇಷ ಮಾತ್ರ. ಆಸ್ತಿ ಹಂಚಿಕೆಯ ಪಟ್ಟಿ, ನಿವೃತ್ತಿ ವೇತನದ ಹೊಣೆ, ಸಿಬ್ಬಂದಿಯ ಸೇವಾ ಜ್ಯೇಷ್ಠತೆ, ಇವು ಮೊದಲೇ ತೀರ್ಮಾನವಾಗದಿದ್ದರೆ ನ್ಯಾಯಾಲಯದಲ್ಲಿ ತೀರ್ಮಾನವಾಗುತ್ತವೆ.

ಖಾಸಗೀಕರಣವಿಲ್ಲದೆ ಸ್ಪರ್ಧೆ ಸಾಧ್ಯವೇ?

ಸಾಧ್ಯ. ನಾರ್ವೆಯ ಇಂಧನ ಕಾಯ್ದೆ 1991ರ ಜನವರಿಯಲ್ಲಿ ಜಾರಿಗೆ ಬಂದಾಗ ಅಲ್ಲಿನ ಜಲವಿದ್ಯುತ್ ಸ್ಥಾವರಗಳು ಬಹುಪಾಲು ಸರ್ಕಾರ ಮತ್ತು ನಗರಸಭೆಗಳ ಕೈಯಲ್ಲಿದ್ದವು, ಇಂದಿಗೂ ಇವೆ. ಅವು ಒಂದಕ್ಕೊಂದು ಸ್ಪರ್ಧಿಸುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್ 1990ರಲ್ಲಿ ಮಾರಾಟ ಮತ್ತು ಸ್ಪರ್ಧೆ ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಎರಡೂ ಒಂದೇ ಎಂಬ ಭಾವನೆ ಹರಡಿತು. ಮಾಲೀಕರು ಯಾರೆಂಬುದಕ್ಕಿಂತ ಮುಖ್ಯವಾದ ಎರಡು ಪ್ರಶ್ನೆಗಳಿವೆ: ಪ್ರತಿ ಕಂಪನಿಯೂ ತನ್ನ ನಷ್ಟಕ್ಕೆ ತಾನೇ ಹೊಣೆಯೇ, ಮತ್ತು ಅವೆಲ್ಲವೂ ಮೇಲಿನ ಒಂದೇ ಕಚೇರಿಯ ಆದೇಶದಂತೆ ಬೆಲೆ ನಮೂದಿಸುತ್ತಿಲ್ಲ ತಾನೇ?

ಒಬ್ಬನೇ ಖರೀದಿದಾರನ ಮಾದರಿ ಎಂದರೇನು? ಅದರಲ್ಲೇ ಉಳಿಯಬಹುದಲ್ಲವೇ?

ಸರ್ಕಾರಿ ಸಂಸ್ಥೆಯೊಂದು ಖಾಸಗಿ ಉತ್ಪಾದಕರಿಂದ 20, 25 ವರ್ಷಗಳ ಖರೀದಿ ಒಪ್ಪಂದದ ಮೇಲೆ ವಿದ್ಯುತ್ ಕೊಂಡು ವಿತರಣಾ ಕಂಪನಿಗಳಿಗೆ ಹಂಚುವುದು ಈ ಮಾದರಿ. ಹೊಸ ಸ್ಥಾವರಗಳಿಗೆ ಬಂಡವಾಳ ಬೇಗ ಬರುತ್ತದೆ, ಏಕೆಂದರೆ ಬ್ಯಾಂಕಿಗೆ ಕಾಣುವುದು ಸರ್ಕಾರದ ಭರವಸೆ. ಹಲವು ದೇಶಗಳು ಇದನ್ನು ಮೊದಲ ಹಂತ ಎಂದು ಆರಂಭಿಸಿ ಅಲ್ಲಿಯೇ ಬೇರು ಬಿಟ್ಟಿವೆ. ತೊಂದರೆಯೆಂದರೆ ಬೇಡಿಕೆಯ ಅಂದಾಜು ತಪ್ಪಿದಾಗ ಆ ತಪ್ಪಿನ ಬೆಲೆಯನ್ನು ಉತ್ಪಾದಕ ತೆರುವುದಿಲ್ಲ. ಸ್ಥಾವರ ಓಡಲಿ ಬಿಡಲಿ, ಸ್ಥಿರ ವೆಚ್ಚದ ಬಿಲ್ಲು ಬರುತ್ತಲೇ ಇರುತ್ತದೆ. ಇಂಥ ಒಪ್ಪಂದಗಳನ್ನು ಮಾಡಿಕೊಳ್ಳುತ್ತಲೇ ಮುಂದಿನ ಮಾರುಕಟ್ಟೆಯ ಬಗ್ಗೆ ಮಾತಾಡುವ ದೇಶ, ಮಾರುಕಟ್ಟೆ ಬಂದ ದಿನ ಅದರೊಳಗೆ ಮಾರಲು ಬಿಡಿ ವಿದ್ಯುತ್ತೇ ಇಲ್ಲದಂತೆ ನೋಡಿಕೊಳ್ಳುತ್ತಿರುತ್ತದೆ.

ಈಗಾಗಲೇ ಇರುವ ದೀರ್ಘಾವಧಿ ಒಪ್ಪಂದಗಳನ್ನು ಏನು ಮಾಡಬೇಕು?

ರದ್ದು ಮಾಡಬಾರದು. ಮುರಿದ ಒಪ್ಪಂದದ ಸುದ್ದಿ ಬ್ಯಾಂಕುಗಳ ನೆನಪಿನಲ್ಲಿ ಬಹಳ ಕಾಲ ಉಳಿಯುತ್ತದೆ, ಮುಂದಿನ ಪ್ರತಿ ಸಾಲದ ಬಡ್ಡಿಯಲ್ಲಿ ಅದರ ಬಾಬ್ತು ಸೇರಿಕೊಳ್ಳುತ್ತದೆ. ಹೆಚ್ಚು ಕೆಲಸಕ್ಕೆ ಬರುವ ದಾರಿ, ಭೌತಿಕ ಒಪ್ಪಂದವನ್ನು ಹಣಕಾಸಿನ ಒಪ್ಪಂದವಾಗಿ ಪರಿವರ್ತಿಸುವುದು. ಸ್ಥಾವರ ತನ್ನ ವಿದ್ಯುತ್ತನ್ನು ಮಾರುಕಟ್ಟೆಯಲ್ಲಿಯೇ ಮಾರುತ್ತದೆ. ಒಪ್ಪಿದ ದರ 50, ಮಾರುಕಟ್ಟೆ ಬೆಲೆ 40 ಆಗಿದ್ದರೆ ಖರೀದಿದಾರ 10 ತುಂಬಿಕೊಡುತ್ತಾನೆ, ಬೆಲೆ 60ಕ್ಕೆ ಏರಿದರೆ ಸ್ಥಾವರ 10 ಮರಳಿಸುತ್ತದೆ. ಇಬ್ಬರ ಆದಾಯವೂ ಹಿಂದಿನಂತೆಯೇ ಉಳಿಯುತ್ತದೆ, ಆದರೆ ಯಾವ ಸ್ಥಾವರ ಯಾವಾಗ ಓಡಬೇಕೆಂಬ ನಿರ್ಧಾರ ಮಾರುಕಟ್ಟೆಗೆ ಬಿಟ್ಟದ್ದಾಗುತ್ತದೆ. ಇಂಗ್ಲೆಂಡಿನ ಸುಧಾರಣೆ ಆರಂಭವಾದಾಗ ಮೊದಲ ಕೆಲವು ವರ್ಷಗಳ ವಿದ್ಯುತ್ತಿನ ಬಹುಭಾಗ ಇಂಥ ಒಪ್ಪಂದಗಳ ಹೊದಿಕೆಯಲ್ಲಿಯೇ ಇತ್ತು.

ಹರಾಜಿನಲ್ಲಿ ಬೆಲೆ ನಿಗದಿಯಾಗುವುದು ಹೇಗೆ?

ಪ್ರತಿ ಅವಧಿಗೂ ಉತ್ಪಾದಕರು ಎಷ್ಟು ಪ್ರಮಾಣ, ಯಾವ ದರ ಎಂದು ಬಿಡ್ ಸಲ್ಲಿಸುತ್ತಾರೆ. ಅಗ್ಗದ್ದು ಮೊದಲು ಬರುವಂತೆ ಅವುಗಳನ್ನು ಜೋಡಿಸಿ, ಬೇಡಿಕೆ ತುಂಬುವವರೆಗೆ ಎತ್ತಿಕೊಳ್ಳುತ್ತಾ ಹೋಗಬೇಕು. ಕೊನೆಗೆ ಎತ್ತಿಕೊಂಡ ಬಿಡ್ಡಿನ ದರವೇ ಎಲ್ಲರಿಗೂ ಸಿಗುವ ಏಕರೂಪ ಬೆಲೆ. ಯಾವ ದೇಶದ ಹಣವೆಂದು ಯೋಚಿಸದೆ ಅಂಕಿಗಳನ್ನಷ್ಟೇ ನೋಡಿ: ಗಾಳಿ ಮತ್ತು ಹರಿಯುವ ನೀರಿನ ಸ್ಥಾವರಗಳಿಂದ 300 ಮೆಗಾವ್ಯಾಟ್, ದರ 0. ದೊಡ್ಡ ಕಲ್ಲಿದ್ದಲು ಸ್ಥಾವರದಿಂದ 400, ದರ 30. ಹಳೆಯ ಕಲ್ಲಿದ್ದಲು ಸ್ಥಾವರದಿಂದ 200, ದರ 40. ಅನಿಲ ಸ್ಥಾವರದಿಂದ 200, ದರ 80. ಬೇಡಿಕೆ 1000 ಆದರೆ ಕೊನೆಯ 100 ಮೆಗಾವ್ಯಾಟಿಗೆ ಅನಿಲ ಸ್ಥಾವರವೇ ಬೇಕು, ಬೆಲೆ 80. ಬೇಡಿಕೆ 880ಕ್ಕೆ ಇಳಿದರೆ ಹಳೆಯ ಕಲ್ಲಿದ್ದಲಿನವರಿಗೇ ಮುಗಿಯುತ್ತದೆ, ಬೆಲೆ 40. ಬೇಡಿಕೆ ಶೇಕಡಾ 12ರಷ್ಟು ತಗ್ಗಿದ್ದಕ್ಕೆ ಬೆಲೆ ಅರ್ಧಕ್ಕೆ ಬಿತ್ತು. ಸಂಜೆಯ ಗರಿಷ್ಠ ಬೇಡಿಕೆಯ ಒಂದೆರಡು ಗಂಟೆಯಲ್ಲಿ ಸ್ವಲ್ಪ ಬಳಕೆಯನ್ನು ಮುಂದೂಡಬಲ್ಲ ಗ್ರಾಹಕರು ಹೊಸ ಸ್ಥಾವರದಷ್ಟೇ ಬೆಲೆಬಾಳುತ್ತಾರೆ ಎನ್ನುವುದು ಇದೇ ಕಾರಣಕ್ಕೆ.

30ಕ್ಕೆ ಕೊಡಲು ಒಪ್ಪಿದವರಿಗೂ 80 ಕೊಡುವುದು ದುಂದಲ್ಲವೇ?

ಬಹಳ ಜನರನ್ನು ಕಾಡುವ ಪ್ರಶ್ನೆ ಇದು. ಪ್ರತಿಯೊಬ್ಬರಿಗೂ ಅವರವರು ಕೇಳಿದಷ್ಟೇ ಕೊಡುವ ನಿಯಮ ಮಾಡಿದರೆ, ಕಲ್ಲಿದ್ದಲಿನವರು ಮರುದಿನದಿಂದ 30 ಎಂದು ಬರೆಯುವುದನ್ನೇ ಬಿಡುತ್ತಾರೆ. ಬೆಲೆ ಎಲ್ಲಿ ನಿಲ್ಲಬಹುದೆಂದು ಊಹಿಸಿ 78 ಎಂದೋ 79 ಎಂದೋ ಬರೆಯುತ್ತಾರೆ. ಊಹೆ ತಪ್ಪಿದವರ ಅಗ್ಗದ ಸ್ಥಾವರ ಸುಮ್ಮನೆ ನಿಲ್ಲುತ್ತದೆ, ದುಬಾರಿ ಸ್ಥಾವರ ಓಡುತ್ತದೆ. ಇಂಗ್ಲೆಂಡ್ 2001ರಲ್ಲಿ ಏಕರೂಪ ಬೆಲೆಯ ಪದ್ಧತಿಯಿಂದ ಮಾರುವವರೂ ಕೊಳ್ಳುವವರೂ ನೇರವಾಗಿ ಕುದುರಿಸಿಕೊಳ್ಳುವ ದ್ವಿಪಕ್ಷೀಯ ವ್ಯಾಪಾರದ ಕಡೆಗೆ ಹೊರಳಿದ್ದುಂಟು, ಆದರೆ ಮರುದಿನದ ವಿದ್ಯುತ್ತಿಗೆ ನಡೆಯುವ ದಿನಮುಂಚಿನ ಹರಾಜುಗಳಲ್ಲಿ ಜಗತ್ತಿನ ಬಹುಪಾಲು ಕಡೆ ಏಕರೂಪ ಬೆಲೆಯೇ ಉಳಿದಿದೆ. ಅಲ್ಲದೆ 30ಕ್ಕೂ 80ಕ್ಕೂ ನಡುವಿನ ಆ ಅಂತರದಿಂದಲೇ ಕಲ್ಲಿದ್ದಲು ಸ್ಥಾವರ ತನ್ನ ಕಟ್ಟಡದ ಸಾಲ ತೀರಿಸಬೇಕು. 30 ಎಂಬುದು ಇಂಧನದ ಖರ್ಚು ಮಾತ್ರ.

ದೊಡ್ಡ ಕಂಪನಿಗಳು ಬೇಕೆಂದೇ ಬೆಲೆ ಏರಿಸುವುದನ್ನು ತಡೆಯುವುದು ಹೇಗೆ?

ಮೇಲಿನ ಲೆಕ್ಕವನ್ನೇ ಮುಂದುವರಿಸೋಣ, ಏಕೆಂದರೆ ಇಡೀ ವಿಷಯದ ಹುಳುಕು ಇಲ್ಲಿದೆ. ಬೇಡಿಕೆ 880 ಇದ್ದಾಗ ದೊಡ್ಡ ಕಲ್ಲಿದ್ದಲು ಸ್ಥಾವರ ತನ್ನ 400 ಮೆಗಾವ್ಯಾಟನ್ನೂ 40ರ ಬೆಲೆಗೆ ಮಾರಿ, ಇಂಧನದ 30 ಕಳೆದು, ಗಂಟೆಗೆ 4,000 ಉಳಿಸುತ್ತದೆ. ಈಗ ಅದು ಬಾಯ್ಲರಿನಲ್ಲಿ ಸೋರಿಕೆ ಎಂದು ಹೇಳಿ 150 ಮೆಗಾವ್ಯಾಟನ್ನು ತಡೆಹಿಡಿಯುತ್ತದೆ ಎನ್ನಿ. ಕಲ್ಲಿದ್ದಲು, ಗಾಳಿ, ನೀರು ಎಲ್ಲ ಸೇರಿ 750 ಮಾತ್ರ ಆಗುತ್ತದೆ, ಅನಿಲ ಸ್ಥಾವರ ಒಳಗೆ ಬರುತ್ತದೆ, ಬೆಲೆ 80. ಉಳಿದ 250 ಮೆಗಾವ್ಯಾಟಿನಿಂದಲೇ ಅದಕ್ಕೆ ಗಂಟೆಗೆ 12,500 ಉಳಿಯುತ್ತದೆ. ಕಡಿಮೆ ಮಾರಿ ಮೂರು ಪಟ್ಟು ಗಳಿಕೆ! ಸೋರಿಕೆ ನಿಜವೋ ಸುಳ್ಳೋ ಎಂದು ಹೊರಗಿನಿಂದ ಹೇಳುವುದು ಸುಲಭವಲ್ಲ.

ಇಂಗ್ಲೆಂಡಿನಲ್ಲಿ ಆದದ್ದು ಇದಕ್ಕೆ ದೂರದ್ದೇನಲ್ಲ. ಉಷ್ಣ ಸ್ಥಾವರಗಳನ್ನು ಐದಾರು ಕಂಪನಿಗಳಿಗೆ ಹಂಚುವ ಬದಲು ಎರಡೇ ದೊಡ್ಡ ಕಂಪನಿಗಳಿಗೆ ಕೊಟ್ಟದ್ದರಿಂದ 1990ರ ದಶಕದುದ್ದಕ್ಕೂ ಬೆಲೆ ನಿರ್ಧಾರ ಬಹುಮಟ್ಟಿಗೆ ಅವುಗಳ ಕೈಯಲ್ಲಿಯೇ ಇತ್ತು, ಕೊನೆಗೆ ನಿಯಂತ್ರಕರ ಒತ್ತಡದಿಂದ ಅವು ಸ್ಥಾವರಗಳನ್ನು ಮಾರಬೇಕಾಯಿತು. ಆದ್ದರಿಂದ ಮಾರುಕಟ್ಟೆ ತೆರೆಯುವ ಮೊದಲೇ ಉತ್ಪಾದನೆಯನ್ನು ಸಾಕಷ್ಟು ಕೈಗಳಿಗೆ ಹಂಚಿರಬೇಕು. ತೆರೆದ ಮೇಲೆ ಹಂಚಲು ಹೋದರೆ ಪ್ರತಿ ಸ್ಥಾವರಕ್ಕೂ ಒಂದು ಮೊಕದ್ದಮೆ. ಹಂಚಲಾಗದಷ್ಟು ಚಿಕ್ಕ ವ್ಯವಸ್ಥೆಯಾದರೆ ಚಿಲಿಯ ದಾರಿ ಇದೆ. ಅಲ್ಲಿ 1982ರ ಕಾನೂನಿನ ನಂತರ ಉತ್ಪಾದಕರು ಇಷ್ಟಬಂದ ದರ ನಮೂದಿಸುವಂತಿಲ್ಲ, ಪರಿಶೀಲನೆಗೆ ಒಳಪಟ್ಟ ಚರ ವೆಚ್ಚದ (ಇಂಧನದಂತೆ ಉತ್ಪಾದನೆಯೊಡನೆ ಏರಿಳಿಯುವ ಖರ್ಚಿನ) ಮೇಲೆಯೇ ಯಾರು ಓಡಬೇಕೆಂಬುದು ನಿರ್ಧಾರವಾಗುತ್ತದೆ. ಸ್ಪರ್ಧೆಯ ಹೊಳಪು ಕಡಿಮೆ, ಆದರೆ ಆಟವಾಡುವ ಅವಕಾಶವೂ ಕಡಿಮೆ.

ನೀರು ಪುಕ್ಕಟೆ, ಆದರೂ ಜಲಾಶಯದ ವಿದ್ಯುತ್ತಿಗೆ ಹೆಚ್ಚಿನ ದರ ಕೇಳುವುದು ಹಗಲುದರೋಡೆ ಅಲ್ಲವೇ?

ಜಲಾಶಯದಲ್ಲಿರುವ ನೀರನ್ನು ಒಂದು ಸಲ ಮಾತ್ರ ಖರ್ಚು ಮಾಡಬಹುದು. ಮಳೆಗಾಲ ಮುಗಿದ ಮೇಲೆ ಇಂದು 40ರ ಬೆಲೆಗೆ ಹರಿಸಿದ ನೀರು ಬೇಸಿಗೆಯಲ್ಲಿ 90ರ ಬೆಲೆ ಇರುವಾಗ ಇರುವುದಿಲ್ಲ. ಹಾಗಾಗಿ ನೀರಿಗೆ ಅದು ಮುಂದೆ ಉಳಿಸಬಹುದಾದ ಇಂಧನದ ಬೆಲೆಯೇ ಬೆಲೆ. ಈ ಅಂದಾಜನ್ನು ಮಾರುಕಟ್ಟೆಯ ನಿಯಮ ಒಪ್ಪದಿದ್ದರೆ ಜಲಾಶಯಗಳು ಚಳಿಗಾಲದಲ್ಲಿಯೇ ಖಾಲಿಯಾಗುತ್ತವೆ. ಹಾಗೆಂದು ಎಲ್ಲ ಜಲಾಶಯಗಳೂ ಒಬ್ಬರ ಕೈಯಲ್ಲಿದ್ದರೆ ನೀರಿನ ಮೌಲ್ಯ ಎಂಬ ಮಾತು ಯಾವ ದರಕ್ಕೂ ಸಮರ್ಥನೆಯಾಗಿಬಿಡಬಹುದು ಎಂಬುದನ್ನೂ ಮರೆಯುವಂತಿಲ್ಲ.

ಪ್ರಸರಣ ಮಾರ್ಗ ಸಾಲದಿದ್ದರೆ ಮಾರುಕಟ್ಟೆಗೆ ಏನಾಗುತ್ತದೆ?

ಒಂದು ಮಾರುಕಟ್ಟೆ ಎರಡಾಗುತ್ತದೆ. ಅಗ್ಗದ ವಿದ್ಯುತ್ ಒಂದು ಬದಿಯಲ್ಲಿ ಕೊಳ್ಳುವವರಿಲ್ಲದೆ ಉಳಿಯುತ್ತದೆ, ಇನ್ನೊಂದು ಬದಿಯಲ್ಲಿ ದುಬಾರಿ ಸ್ಥಾವರ ಓಡುತ್ತದೆ. ಭಾರತದ ದಕ್ಷಿಣ ಗ್ರಿಡ್ ಉಳಿದ ದೇಶದೊಡನೆ ಸಮಕಾಲಿಕವಾಗಿ, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ನಡೆಯುವಂತೆ, ಜೋಡಣೆಯಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಅದಕ್ಕೆ ಮುಂಚೆ ಒಂದೇ ವಿನಿಮಯ ಕೇಂದ್ರದ ಒಂದೇ ಹರಾಜಿನಲ್ಲಿ, ಒಂದೇ ಕಾಲು ಗಂಟೆಯಲ್ಲಿ, ದಕ್ಷಿಣದವರಿಗೆ ಬೇರೆ, ಹೆಚ್ಚಿನ ಬೆಲೆ ಬೀಳುವುದು ಮಾಮೂಲಾಗಿತ್ತು. ಮಾರ್ಗ ಬಂದ ಮೇಲೂ ಅದರ ಪೂರ್ಣ ಸಾಮರ್ಥ್ಯ ಒಂದೇ ದಿನದಲ್ಲಿ ಸಿಗಲಿಲ್ಲ.

ಈ ಅಂತರವನ್ನು ತೋರಿಸುವ ಬಗೆ ಎರಡು. ನಾರ್ಡಿಕ್ ದೇಶಗಳಂತೆ ವಲಯಕ್ಕೊಂದು ಬೆಲೆ ಇಡಬಹುದು, ಇಲ್ಲವೇ ಅಮೆರಿಕದ ಹಲವು ಮಾರುಕಟ್ಟೆಗಳಂತೆ ಜಾಲದ ಪ್ರತಿ ಗಂಟಿಗೂ (ಮಾರ್ಗಗಳು ಕೂಡುವ ಜಾಗಕ್ಕೂ) ಒಂದು ಬೆಲೆ ಲೆಕ್ಕ ಹಾಕಬಹುದು. ಎರಡನೆಯದು ನಿಖರ, ಮೊದಲನೆಯದು ಸಾಮಾನ್ಯ ಓದುಗರಿಗೆ ಅರ್ಥವಾಗುವಂಥದ್ದು. ಮೂರನೆಯ ದಾರಿ, ಅಂದರೆ ದೇಶಕ್ಕೆಲ್ಲ ಒಂದೇ ಬೆಲೆ ಎಂದು ಘೋಷಿಸಿ ಇಕ್ಕಟ್ಟಿನ ಖರ್ಚನ್ನು ಎಲ್ಲರ ಬಿಲ್ಲಿನಲ್ಲಿ ಹಂಚಿಬಿಡುವುದು, ರಾಜಕೀಯವಾಗಿ ಹಿತವಾದರೂ ಹೊಸ ಸ್ಥಾವರ ಎಲ್ಲಿ ಬರಬೇಕು ಎಂಬ ಸುಳಿವನ್ನೇ ಅಳಿಸಿಹಾಕುತ್ತದೆ.

ವ್ಯವಸ್ಥಾ ನಿರ್ವಾಹಕ ಮತ್ತು ನಿಯಂತ್ರಣ ಆಯೋಗ ಎಷ್ಟು ಸ್ವತಂತ್ರವಾಗಿರಬೇಕು?

ಯಾವ ಸ್ಥಾವರ ಓಡಬೇಕು, ಯಾವುದು ನಿಲ್ಲಬೇಕು ಎಂದು ಕ್ಷಣಕ್ಷಣವೂ ಹೇಳುವವರು ವ್ಯವಸ್ಥಾ ನಿರ್ವಾಹಕರು. ಅವರ ಒಂದು ಫೋನ್ ಕರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಆದ್ದರಿಂದ ಅವರು ಯಾವ ಉತ್ಪಾದಕರ ಸಂಬಳದ ಪಟ್ಟಿಯಲ್ಲಿಯೂ ಇರಬಾರದು, ಮತ್ತು ಕೊಟ್ಟ ಪ್ರತಿ ಆದೇಶವೂ ಹೊತ್ತು ಸಮೇತ ದಾಖಲಾಗಿ ಕೆಲವು ದಿನಗಳೊಳಗೆ ಸಾರ್ವಜನಿಕವಾಗಬೇಕು. ಶಿಸ್ತಿಲ್ಲದ ಗ್ರಿಡ್ಡಿನ ಮೇಲೆ ಮಾರುಕಟ್ಟೆ ನಿಲ್ಲುವುದಿಲ್ಲ: 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಿಂದ ಈಶಾನ್ಯದವರೆಗೆ ಕತ್ತಲೆ ಕವಿದಾಗ, ಷೆಡ್ಯೂಲ್ ಮೀರಿ ವಿದ್ಯುತ್ ಎಳೆದುಕೊಂಡದ್ದೂ ಕಾರಣಗಳಲ್ಲಿ ಒಂದಾಗಿತ್ತು.

ಆಯೋಗದ ವಿಚಾರದಲ್ಲಿ ನೋಡಬೇಕಾದದ್ದು ಕಾಯ್ದೆಯ ಪೀಠಿಕೆಯನ್ನಲ್ಲ, ಬಜೆಟ್ಟನ್ನು. ಸದಸ್ಯರ ಅವಧಿ ಖಚಿತವಾಗಿದೆಯೇ, ಖರ್ಚಿಗೆ ಪರವಾನಗಿ ಶುಲ್ಕದಂಥ ಸ್ವಂತ ಆದಾಯವಿದೆಯೇ, ಹರಾಜಿನ ಲಕ್ಷಾಂತರ ಬಿಡ್‌ಗಳನ್ನು ಪರಿಶೀಲಿಸಬಲ್ಲ ನಾಲ್ಕು ಜನ ಪರಿಣತರನ್ನು ನೇಮಿಸಿಕೊಳ್ಳುವಷ್ಟು ಸಂಬಳ ಕೊಡಬಲ್ಲದೇ? ಇವಿಷ್ಟಕ್ಕೆ ಉತ್ತರ ಸಿಕ್ಕರೆ ಸ್ವಾತಂತ್ರ್ಯದ ಅಳತೆ ಸಿಕ್ಕಂತೆ.

ರೈತರಿಗೂ ಬಡವರಿಗೂ ಕೊಡುವ ಸಬ್ಸಿಡಿ ಏನಾಗುತ್ತದೆ?

ಸಬ್ಸಿಡಿಗೂ ಮಾರುಕಟ್ಟೆಗೂ ಹಗೆತನವಿಲ್ಲ. ಬಚ್ಚಿಟ್ಟ ಸಬ್ಸಿಡಿಗೂ ಮಾರುಕಟ್ಟೆಗೂ ಇದೆ. ಕಾರ್ಖಾನೆಗಳಿಗೆ ಹೆಚ್ಚಿನ ದರ ಹಾಕಿ ಆ ಹಣದಲ್ಲಿ ಬೇರೆಯವರಿಗೆ ಅಗ್ಗದ ವಿದ್ಯುತ್ ಕೊಡುವ ಅಡ್ಡ ಸಬ್ಸಿಡಿ, ಕಾರ್ಖಾನೆ ಬೇರೆ ಮಾರಾಟಗಾರರನ್ನು ಹುಡುಕಿಕೊಂಡ ದಿನವೇ ಕುಸಿಯುತ್ತದೆ. ಅದನ್ನು ತಡೆಯಲೆಂದು ಹೊರಗೆ ಹೋಗುವವರ ಮೇಲೆ ಸರ್‌ಚಾರ್ಜ್ ಹಾಕುತ್ತಾರೆ. ಅದು ಅತಿಯಾದರೆ ಯಾರೂ ಹೊರಗೆ ಹೋಗುವುದಿಲ್ಲ, ಸ್ಪರ್ಧೆಯೂ ಇರುವುದಿಲ್ಲ. ಸರಿಯಾದ ಜಾಗ ಸರ್ಕಾರದ ಆಯವ್ಯಯ. ಯಾರಿಗಾದರೂ ಸಬ್ಸಿಡಿ ಕೊಡಬೇಕೆಂದರೆ ಸರ್ಕಾರ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು ಎಂದು ಭಾರತದ 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಆ ಒಂದು ಸಾಲನ್ನು ಪಾಲಿಸುವುದು ಉಳಿದೆಲ್ಲ ಸೆಕ್ಷನ್‌ಗಳನ್ನು ಪಾಲಿಸುವುದಕ್ಕಿಂತ ಕಷ್ಟವಾಗಿದೆ.

ಇದರ ಇನ್ನೊಂದು ಮುಖ ವಿತರಣಾ ಕಂಪನಿಯ ಹಣಕಾಸು. ಕೊಂಡ ವಿದ್ಯುತ್ತಿನಲ್ಲಿ ನಾಲ್ಕರಲ್ಲೊಂದು ಪಾಲು ಕಳವಿಗೋ ಸೋರಿಕೆಗೋ ವಸೂಲಾಗದ ಬಿಲ್ಲಿಗೋ ಹೋಗುತ್ತಿರುವ ಕಂಪನಿ ಹರಾಜಿನಲ್ಲಿ ಕೊಳ್ಳುವವರ ಸಾಲಿನಲ್ಲಿ ಕುಳಿತರೆ, ಮಾರುವವರು ಮುಂಗಡ ಹಣ ಕೇಳುತ್ತಾರೆ ಅಥವಾ ಬರುವುದೇ ಇಲ್ಲ. ಉತ್ಪಾದನೆಯ ತುದಿಯಲ್ಲಿ ಎಷ್ಟೇ ಪೈಪೋಟಿ ಇದ್ದರೂ ಹಣ ಹುಟ್ಟುವುದು ಈ ಕೊನೆಯ ತುದಿಯಲ್ಲಿ.

ಮಾರುಕಟ್ಟೆ ಬಂದರೆ ಮನೆಯ ಬಿಲ್ ಕಡಿಮೆಯಾಗುತ್ತದೆಯೇ?

ಹಾಗೆಂದು ಮಾತು ಕೊಡುವವರನ್ನು ನಂಬಬೇಡಿ. ಮನೆಯ ಬಿಲ್ಲಿನಲ್ಲಿ ತಂತಿಯ ಶುಲ್ಕ, ತೆರಿಗೆ, ನಷ್ಟದ ಪಾಲು ಎಲ್ಲ ಸೇರಿರುತ್ತವೆ. ಹರಾಜು ಮುಟ್ಟುವುದು ಒಂದು ಭಾಗವನ್ನು ಮಾತ್ರ. ಈವರೆಗೆ ಬಿಲ್ ವೆಚ್ಚಕ್ಕಿಂತ ಕಡಿಮೆಯಿದ್ದರೆ ಅದು ಏರಲೂಬಹುದು.

ಕ್ಯಾಲಿಫೋರ್ನಿಯಾದ ಪಾಠ ಇಲ್ಲಿ ಮುಖ್ಯ. 1998ರಲ್ಲಿ ಅಲ್ಲಿ ಸಗಟು ಮಾರುಕಟ್ಟೆ ತೆರೆಯಿತು. ವಿತರಣಾ ಕಂಪನಿಗಳು ತಮ್ಮ ಸ್ಥಾವರಗಳಲ್ಲಿ ಬಹಳಷ್ಟನ್ನು ಮಾರಿಬಿಟ್ಟಿದ್ದವು, ಬೇಕಾದ ವಿದ್ಯುತ್ತನ್ನು ಬಹುಪಾಲು ದಿನದ ಬೆಲೆಗೆ ಕೊಳ್ಳಬೇಕಿತ್ತು, ಆದರೆ ಗ್ರಾಹಕರ ದರವನ್ನು ಕಾನೂನು ಕಟ್ಟಿಹಾಕಿತ್ತು. 2000ದ ಬೇಸಿಗೆಯಲ್ಲಿ ಅಮೆರಿಕದ ವಾಯವ್ಯ ಭಾಗದಲ್ಲಿ ನೀರು ಕಡಿಮೆಯಾಗಿ, ಅನಿಲ ದುಬಾರಿಯಾಗಿ, ವ್ಯಾಪಾರಿಗಳ ಕೈಚಳಕವೂ ಸೇರಿ ಸಗಟು ಬೆಲೆ ಗಗನಕ್ಕೇರಿತು. ಹೆಚ್ಚಿಗೆ ಕೊಂಡು ಕಡಿಮೆಗೆ ಮಾರುವ ವ್ಯವಹಾರ ಎಷ್ಟು ದಿನ ನಡೆದೀತು? 2001ರ ಜನವರಿಯಲ್ಲಿ ವಿನಿಮಯ ಕೇಂದ್ರದ ಬಾಗಿಲು ಮುಚ್ಚತೊಡಗಿತು, ಏಪ್ರಿಲ್‌ನಲ್ಲಿ ಅತಿದೊಡ್ಡ ವಿತರಣಾ ಕಂಪನಿ ದಿವಾಳಿ ರಕ್ಷಣೆ ಕೋರಿತು. ಇದರ ವಿರುದ್ಧ ತುದಿ ಟೆಕ್ಸಾಸ್: 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಸಗಟು ಬೆಲೆ ಮೆಗಾವ್ಯಾಟ್ ಗಂಟೆಗೆ 9,000 ಡಾಲರ್ ಮಿತಿಗೆ ತಾಗಿ ದಿನಗಟ್ಟಲೆ ಅಲ್ಲಿಯೇ ನಿಂತಾಗ, ಸಗಟು ದರಕ್ಕೆ ನೇರವಾಗಿ ಒಪ್ಪಂದ ಮಾಡಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರಿನ ಬಿಲ್ಲು ಬಂತು. ದರವನ್ನು ಪೂರ್ತಿ ಕಟ್ಟಿಹಾಕುವುದೂ ಅಪಾಯ, ಪೂರ್ತಿ ಬಿಚ್ಚಿಬಿಡುವುದೂ ಅಪಾಯ. ನಡುವೆ ಬೇಕಾದದ್ದು ವಿತರಣಾ ಕಂಪನಿ ವರ್ಷಗಳ ಮುಂಚೆಯೇ ಬಹುಪಾಲು ವಿದ್ಯುತ್ತಿಗೆ ದರ ಗೊತ್ತುಮಾಡಿಕೊಂಡಿರುವ ಒಪ್ಪಂದಗಳು.

ಸೌರ ಮತ್ತು ಪವನ ವಿದ್ಯುತ್ ಹೆಚ್ಚಿದಂತೆ ಈ ವಿನ್ಯಾಸ ಉಳಿಯುತ್ತದೆಯೇ?

ಒತ್ತಡ ಹೆಚ್ಚುತ್ತದೆ. ಚರ ವೆಚ್ಚವೇ ಇಲ್ಲದ ವಿದ್ಯುತ್ ಮಧ್ಯಾಹ್ನದ ಹೊತ್ತು ಬೆಲೆಯನ್ನು ಸೊನ್ನೆಗೆ ತಳ್ಳುತ್ತದೆ; ಜರ್ಮನಿಯ ವಿನಿಮಯ ಕೇಂದ್ರ 2008ರಿಂದಲೇ ಸೊನ್ನೆಗಿಂತ ಕೆಳಗಿನ ಬೆಲೆಗೂ ಅವಕಾಶ ಕೊಟ್ಟಿದೆ. ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಬೆಲೆ ಏಣಿ ಹತ್ತುತ್ತದೆ. ಅವಧಿಯನ್ನು ಚಿಕ್ಕದು ಮಾಡುವುದು (ಆಸ್ಟ್ರೇಲಿಯಾ 2021ರ ಅಕ್ಟೋಬರಿನಿಂದ 5 ನಿಮಿಷಕ್ಕೊಮ್ಮೆ ಲೆಕ್ಕ ತೀರಿಸುತ್ತಿದೆ), ವಿದ್ಯುತ್ ಹರಿಯುವ ಹೊತ್ತಿಗೆ ಹತ್ತಿರದಲ್ಲಿ ಮತ್ತೆ ಮತ್ತೆ ಹರಾಜು ನಡೆಸುವುದು (ಭಾರತ 2020ರ ಜೂನ್‌ನಿಂದ ಅರ್ಧ ಗಂಟೆಗೊಮ್ಮೆ ನಡೆಸುತ್ತಿದೆ), ಬ್ಯಾಟರಿಗಳಿಗೂ ಬಿಡ್ ಮಾಡುವ ಹಕ್ಕು ಕೊಡುವುದು, ಇವು ಮೊದಲಿನಿಂದಲೇ ವಿನ್ಯಾಸದಲ್ಲಿರಲಿ. ವರ್ಷದಲ್ಲಿ ಕೆಲವೇ ಗಂಟೆ ಬೇಕಾಗುವ ಸ್ಥಾವರಗಳು ಬದುಕುವುದು ಹೇಗೆ ಎಂಬುದಕ್ಕೆ ಮಾತ್ರ ಎಲ್ಲರೂ ಒಪ್ಪಿದ ಉತ್ತರವಿಲ್ಲ: ಕೆಲವರು ಸಿದ್ಧವಾಗಿರುವುದಕ್ಕೇ ಪ್ರತ್ಯೇಕ ಹಣ ಕೊಡುತ್ತಾರೆ, ಕೆಲವರು ಆ ಕೆಲವು ಗಂಟೆಗಳಲ್ಲಿ ಬೆಲೆ ಬಹಳ ಮೇಲೇರಲು ಬಿಡುತ್ತಾರೆ.

ಚಿಕ್ಕ ದೇಶಕ್ಕೆ ಇದೆಲ್ಲ ಬೇಕೇ?

ಒಟ್ಟು ಬೇಡಿಕೆಯೇ ಕೆಲವು ನೂರು ಮೆಗಾವ್ಯಾಟ್ ಆಗಿದ್ದು ಇಬ್ಬರು ಮೂವರು ಉತ್ಪಾದಕರಷ್ಟೇ ಇದ್ದರೆ ಸ್ವಂತ ಹರಾಜು ಆಡಂಬರವಾಗುತ್ತದೆ. ನೆರೆಹೊರೆಯವರೊಡನೆ ಸೇರುವುದು ಮೇಲು. ಮಧ್ಯ ಅಮೆರಿಕದ ಆರು ದೇಶಗಳು 230 ಕಿಲೋವೋಲ್ಟ್ ಮಾರ್ಗವೊಂದನ್ನು ಕಟ್ಟಿಕೊಂಡು ಪ್ರಾದೇಶಿಕ ಮಾರುಕಟ್ಟೆ ನಡೆಸುತ್ತಿವೆ. ಆಫ್ರಿಕಾದ ದಕ್ಷಿಣ ಭಾಗದ ದೇಶಗಳು 1995ರಲ್ಲಿಯೇ ಒಂದು ಒಕ್ಕೂಟ ಕಟ್ಟಿಕೊಂಡವು.

ಎಷ್ಟು ಕಾಲ ಬೇಕು? ಎಲ್ಲ ಗ್ರಾಹಕರಿಗೂ ಒಂದೇ ದಿನ ಬಾಗಿಲು ತೆರೆಯಬಹುದೇ?

ಇಂಗ್ಲೆಂಡಿನಲ್ಲಿ 1990ರಲ್ಲಿ 1 ಮೆಗಾವ್ಯಾಟ್‌ಗಿಂತ ದೊಡ್ಡ ಗ್ರಾಹಕರು, 1994ರಲ್ಲಿ 100 ಕಿಲೋವ್ಯಾಟ್‌ಗಿಂತ ದೊಡ್ಡವರು, 1998 ಮತ್ತು 1999ರಲ್ಲಿ ಮನೆಗಳು ತಮ್ಮ ಪೂರೈಕೆದಾರರನ್ನು ಆರಿಸಿಕೊಳ್ಳುವ ಹಕ್ಕು ಪಡೆದವು. ಫಿಲಿಪೀನ್ಸ್‌ನಲ್ಲಿ ಕಾನೂನು ಬಂದದ್ದು 2001ರಲ್ಲಿ, ಲೂಸಾನ್ ದ್ವೀಪದಲ್ಲಿ ಮಾರುಕಟ್ಟೆ ತೆರೆದದ್ದು 2006ರಲ್ಲಿ, ಮಿಂಡನಾವೊ ದ್ವೀಪ ಅದಕ್ಕೆ ಸೇರಿದ್ದು 2023ರಲ್ಲಿ. ಹತ್ತು ವರ್ಷವೆಂಬುದು ನಿಧಾನವಲ್ಲ.

ತೆರೆಯುವ ಮುಂಚೆ ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಅಣಕು ಮಾರುಕಟ್ಟೆ ನಡೆಸಬೇಕು ಎಂಬುದು ಈ ಲೇಖಕರ ಅಭಿಪ್ರಾಯ. ಬಿಡ್ ನಿಜ, ಮೀಟರ್ ಓದು ನಿಜ, ಬಿಲ್ಲೂ ಮುದ್ರಣವಾಗುತ್ತದೆ, ಹಣ ಮಾತ್ರ ಕೈಬದಲಾಗುವುದಿಲ್ಲ. ಆ ಸುಳ್ಳು ಬಿಲ್ಲಿನ ಮೇಲೆ ನಿಜವಾದ ಜಗಳಗಳು ಶುರುವಾದಾಗ ತಿಳಿಯಬೇಕು, ಜನ ಅದನ್ನು ಓದುತ್ತಿದ್ದಾರೆ ಎಂದು.

ಮಾರುಕಟ್ಟೆಯೇ ಕೈಕೊಟ್ಟರೆ?

ಕೈಕೊಡುತ್ತದೆ, ಅದಕ್ಕೂ ನಿಯಮ ಮೊದಲೇ ಬರೆದಿಟ್ಟಿರಬೇಕು. ಆಸ್ಟ್ರೇಲಿಯಾದಲ್ಲಿ 2022ರ ಜೂನ್‌ನಲ್ಲಿ ಇಂಧನದ ಬೆಲೆ ಏರಿ, ಸಗಟು ಬೆಲೆಗಳ ಮೊತ್ತ ನಿಗದಿತ ಮಟ್ಟ ದಾಟಿದಾಗ, ನಿಯಮದಂತೆ ಮೆಗಾವ್ಯಾಟ್ ಗಂಟೆಗೆ 300 ಡಾಲರಿನ ಮಿತಿ ತಾನಾಗಿಯೇ ಜಾರಿಯಾಯಿತು. ಆ ಮಿತಿಯನ್ನು ಬರೆದದ್ದು ಇಂಧನ ಅಗ್ಗವಾಗಿದ್ದ ಕಾಲದಲ್ಲಿ. ಈಗ ಕೆಲವು ಸ್ಥಾವರಗಳಿಗೆ 300ರಲ್ಲಿ ಇಂಧನದ ಖರ್ಚೂ ಗಿಟ್ಟುತ್ತಿರಲಿಲ್ಲ, ಅವು ಬಿಡ್ ಹಿಂತೆಗೆದುಕೊಂಡವು, ನಿರ್ವಾಹಕರು ಒಂದೊಂದಕ್ಕೂ ಆದೇಶ ಕೊಟ್ಟು ಓಡಿಸಬೇಕಾಯಿತು. ಜೂನ್ 15ರಂದು ಇಡೀ ಮಾರುಕಟ್ಟೆಯನ್ನೇ ಅಮಾನತಿನಲ್ಲಿಟ್ಟರು, ಆದೇಶದ ಮೇಲೆ ಓಡಿದವರಿಗೆ ಪರಿಹಾರದ ಲೆಕ್ಕ ಹಾಕಿದರು, 24ರಂದು ಮತ್ತೆ ತೆರೆದರು. ದೀಪಗಳು ಆರಲಿಲ್ಲ, ಏಕೆಂದರೆ ಅಮಾನತು ಮಾಡುವ ಅಧಿಕಾರ ಯಾರಿಗೆ, ಆ ಅವಧಿಯಲ್ಲಿ ಯಾವ ಬೆಲೆ, ಪರಿಹಾರಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂಬುದು ನಿಯಮಪುಸ್ತಕದಲ್ಲಿ ಇತ್ತು. ಇಲ್ಲದ್ದು 300 ಎಂಬ ಅಂಕಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಅಭ್ಯಾಸ. ಅದೇ ವರ್ಷ ಆ ಮಿತಿಯನ್ನು 600ಕ್ಕೆ ಏರಿಸಲಾಯಿತು.